ಹೊಸ ಚೈನು, ಹಳೆಯ ಹಲ್ಲು

ಶಂಶಾಬಾದ್

ಪರದೇಶವೆಂದರೆ ಸಮುದ್ರ ದಾಟಿ ಹೋಗುವ ನಾಡೇ ಆಗಬೇಕೆಂದಿಲ್ಲ. ನಮ್ಮ ಮಾತು ಎಲ್ಲಿ ನಮ್ಮ ಕೈಬಿಡುತ್ತದೆಯೋ ಅದು ಪರದೇಶ. ಈ ಮಾತನ್ನು ಹೋದ ವರ್ಷ ಯಾರಾದರೂ ನನ್ನ ಮುಂದೆ ಆಡಿದ್ದರೆ ನಾಲ್ಕು ವಾಕ್ಯಗಳಲ್ಲಿ ಖಂಡಿಸುತ್ತಿದ್ದೆ. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳ ವೇದಿಕೆಯಲ್ಲೇ ಬೆಳೆದವಳು ನಾನು. ಮಾತಿನಿಂದ ಸರಿಪಡಿಸಲಾಗದ ಅನ್ಯಾಯವಿಲ್ಲ ಎಂಬ ನಂಬಿಕೆಯನ್ನು ಅಲ್ಲಿಂದಲೇ ಗಂಟು ಕಟ್ಟಿ ತಂದವಳು.

ಹೈದರಾಬಾದ್ ಸೇರುವ ಮುನ್ನವೇ ಒಂದು ಎಡವಟ್ಟಾಯಿತು. ಬೆಳಗ್ಗೆ ಹೆದ್ದಾರಿಯ ಬದಿಗೆ ಬಸ್ಸು ನಿಂತಾಗ, ಮುಂದಿನ ಸೀಟಿನವರೆಲ್ಲ ಎದ್ದರೆಂದು ನಾನೂ ಎದ್ದು ಇಳಿದೆ. ಅವರು ವಿಮಾನ ನಿಲ್ದಾಣದ ಕೆಲಸದವರು. ಊರು ಇನ್ನೂ ಒಂದು ಗಂಟೆಯ ದಾರಿಯಿತ್ತು. ನಮ್ಮ ಮೈಸೂರಿನಲ್ಲಾಗಿದ್ದರೆ ಕಂಡಕ್ಟರು ಎರಡು ಮಾತು ಬೈದು ಮತ್ತೆ ಹತ್ತಿಸಿಕೊಳ್ಳುತ್ತಿದ್ದರು. ಇಲ್ಲಿ ಬಸ್ಸು ಬೈಯಲೂ ನಿಲ್ಲದೆ ಹೋಯಿತು. ಹೊಸ ಅಪಾರ್ಟ್‌ಮೆಂಟುಗಳ ನಡುವೆ, ಲಾರಿಗಳ ಧೂಳಿನಲ್ಲಿ, ಕೈಚೀಲವೊಂದನ್ನು ಎದೆಗವಚಿಕೊಂಡು ನಿಂತೆ. ಚೀಲದಲ್ಲಿ ನಾಲ್ಕು ಪುಟಗಳ ಮನವಿಪತ್ರವಿತ್ತು. ಅದು ಕಳೆದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡೆ. ಕಳೆದಿದ್ದರೆ ಚೆನ್ನಾಗಿತ್ತು.

ನಾನು ಹೊರಟದ್ದು ಒಂದು ಫೋನಿನ ಕಾರಣದಿಂದ. ಅದಕ್ಕೆ ನಾಲ್ಕು ತಿಂಗಳ ಹಿಂದೆ ನಮ್ಮ ಮೈಸೂರಿನ ಪುಟ್ಟ ಸಂಘ, ಸನತ್‌ನಗರದ ಕಾರ್ಖಾನೆಗಳಲ್ಲಿ ದುಡಿಯುವ ಯಾದಗಿರಿ ಕಡೆಯ ಹದಿನಾಲ್ಕು ಮಂದಿಯ ಸೈಕಲ್ಲುಗಳಿಗೆ ಹೊಸ ಚೈನು ಹಾಕಿಸಿಕೊಟ್ಟಿತ್ತು. ಖರ್ಚನ್ನು ಗಚ್ಚಿಬೌಲಿಯಲ್ಲಿ ಕೆಲಸಮಾಡುವ ನಮ್ಮ ಊರಿನ ಯುವಕ ಯುವತಿಯರು ವಹಿಸಿದ್ದರು. ಆ ಹದಿನಾಲ್ವರಲ್ಲಿ ಸಾಬಣ್ಣ ಒಬ್ಬ. ಫೋನು ಮಾಡಿದವಳು ಅವನ ಹೆಂಡತಿ ಮಲ್ಲಮ್ಮ.

"ಅಕ್ಕಾರ, ನಮ್ಮ ಮನ್ಯಾನವ್ರಿಗೆ ಫಿಟ್ಸ್ ಬರಾಕತ್ತೈತ್ರಿ. ಮೂರು ಸಲ ಬಿದ್ದಾರ. ಕಾರ್ಖಾನ್ಯಾಗ ಮಷೀನ್ ಮುಟ್ಟಾಕ ಬಿಡವಲ್ರು. ನೀವು ಭಾಳ ಚಂದ ಮಾತಾಡ್ತೀರಿ. ಬಂದ್ ಒಂದ್ ಮಾತ್ ಹೇಳ್ರಿ."

ಒಂದು ಮಾತು ಕೇಳಿದ್ದಳು. ನಾನು ನಾಲ್ಕು ಪುಟ ಬರೆದುಕೊಂಡು ಹೋದೆ.

ಸನತ್‌ನಗರ, ಮೊದಲ ದಿನ

ಸಾಬಣ್ಣನ ಮನೆ ಒಂದೇ ಕೋಣೆ, ತಗಡಿನ ಮಾಡು. ಗಲ್ಲಿಯ ಆಚೆಗೆ ಬೇರೊಂದು ಕಾರ್ಖಾನೆಯ ಗೋಡೆ, ಅವನು ದುಡಿಯುವುದು ರೈಲು ಹಳಿಯ ಆಚೆ; ಕಾದ ಕಬ್ಬಿಣದ ವಾಸನೆ ಅನ್ನದ ಪಾತ್ರೆಯವರೆಗೂ ಬರುತ್ತದೆ. ನಾನು ಹೋದಾಗ ಅವನು ಗೋಡೆಗೆ ಒರಗಿ ಕುಳಿತಿದ್ದ. ಗದ್ದದ ಮೇಲೆ ಒಣಗಿದ ಗಾಯ. ಕಣ್ಣು ತೆರೆದೇ ಇದ್ದರೂ ನೋಟ ನನ್ನನ್ನು ತಲುಪಲು ಹೊತ್ತು ಹಿಡಿಯುತ್ತಿತ್ತು. ಅಂಗಿ ಸರಿದ ಕಡೆ ಉಡುದಾರಕ್ಕೆ ಕಟ್ಟಿದ ಕಬ್ಬಿಣದ ಬೀಗದಕೈಯೊಂದು ಕಾಣುತ್ತಿತ್ತು.

"ಮೂರ್ಛೆ ಬಂದವ್ರ ಮೈಮ್ಯಾಲೆ ಕಬ್ಬಿಣ ಇರಬೇಕಂತರಿ," ಎಂದು ಮಲ್ಲಮ್ಮ ನನ್ನ ನೋಟಕ್ಕೆ ಉತ್ತರ ಕೊಟ್ಟಳು. "ಮೊದ್ಲು ಇವ್ರು ಮಾತಿಗೆ ಕುಂತ್ರ ರೇಡಿಯೋ ಬಂದ್ ಮಾಡಬೇಕಿತ್ರಿ. ಈಗ ಗೋಡಿಗೆ ಒರಗಿದ್ರ ಇವ್ರ್ಯಾರು, ಗೋಡಿ ಯಾವುದು, ಗೊತ್ತಾಗಂಗಿಲ್ಲ."

"ಗುಳಿಗಿ ತಿಂದ್ರ ನಿನಗೂ ಹಂಗ ಆಕ್ಕೈತಿ," ಎಂದ ಸಾಬಣ್ಣ ನಿಧಾನವಾಗಿ.

ಓಣಿಯ ಖಾಸಗಿ ವೈದ್ಯರೊಬ್ಬರು ಮೂರು ಬಾರಿ ಬಿದ್ದ ಸುದ್ದಿ ಕೇಳಿ ಮೂರ್ಛೆರೋಗದ ಗುಳಿಗೆ ಬರೆದುಕೊಟ್ಟಿದ್ದರು. ಗುಳಿಗೆ ಅವನನ್ನು ಮಂಕಾಗಿಸಿತ್ತು. ಆ ಮಂಕನ್ನು ಕಂಡವರಿಗೆ ರೋಗ ಇನ್ನಷ್ಟು ನಿಜವಾಗಿತ್ತು.

ಒಂಬತ್ತು ವರ್ಷದಿಂದ ಸಾಬಣ್ಣ ಪ್ರೆಸ್ ಮಷೀನಿನ ಮೇಲೆ ತಗಡು ಒತ್ತುವ ಕೆಲಸದಲ್ಲಿದ್ದ. ಕಾಲಿನಿಂದ ಮೆಟ್ಟು ತುಳಿದರೆ ಮೇಲಿನ ಅಚ್ಚು ಇಳಿಯುತ್ತದೆ, ಅಷ್ಟರೊಳಗೆ ಕೈ ಹಿಂದಕ್ಕೆ ಬಂದಿರಬೇಕು. ಆ ಗಲ್ಲಿಯಲ್ಲಿ ಹತ್ತು ಬೆರಳೂ ಇರುವ ಹಳೆಯ ಪ್ರೆಸ್ಸಿನವನು ತಾನೊಬ್ಬನೇ ಎಂಬ ಹೆಮ್ಮೆ ಅವನಿಗಿತ್ತಂತೆ. ಬೇರೆ ಕೆಲಸಕ್ಕೆ ಹಾಕಿದರೆ ಕೂಲಿ ಅರ್ಧ. ಅದಕ್ಕಿಂತ ಹೆಚ್ಚಾಗಿ, ಪ್ರೆಸ್ಸಿನಿಂದ ಒಮ್ಮೆ ಇಳಿದವನನ್ನು ಮತ್ತೆ ಹತ್ತಿಸಿದ ಉದಾಹರಣೆ ಆ ಕಾರ್ಖಾನೆಯಲ್ಲಿರಲಿಲ್ಲ.

ಮಧ್ಯಾಹ್ನವೇ ನಾನು ಸೂಪರ್‌ವೈಸರರ ಕೋಣೆಯಲ್ಲಿದ್ದೆ. ತೆಲುಗಿನವರು, ಮಧ್ಯವಯಸ್ಕರು, ಕುರ್ಚಿ ಕೊಟ್ಟು, ಚಿಕ್ಕ ಗಾಜಿನ ಲೋಟದಲ್ಲಿ ಚಹಾ ತರಿಸಿ, ಇಂಗ್ಲಿಷಿನಲ್ಲಿ ಮಾತನಾಡಿದರು. ಚರ್ಚೆಯಲ್ಲಿ ನಮಗೆ ಕಲಿಸಿದ ಒಂದು ತಂತ್ರವಿದೆ: ಎದುರಾಳಿಯ ಆಧಾರವಾಕ್ಯವನ್ನು ಉದಾರವಾಗಿ ಒಪ್ಪಿಕೊಂಡು, ಅವನ ತೀರ್ಮಾನವನ್ನು ಕೆಡಹುವುದು. ನಾನು ಹಾಗೆಯೇ ಆರಂಭಿಸಿದೆ. ಸಾಬಣ್ಣನಿಗೆ ಮೂರ್ಛೆರೋಗವಿದೆ, ನಿಜ. ಆದರೆ ರೋಗ ಅಪರಾಧವಲ್ಲ. ಚಿಕಿತ್ಸೆಯಲ್ಲಿರುವ ಮನುಷ್ಯನ ಅನ್ನ ಕಸಿಯುವ ಹಕ್ಕು ಯಾವ ಕಾರ್ಖಾನೆಗೂ ಇಲ್ಲ. ಮುಕ್ಕಾಲು ಗಂಟೆ ಮಾತನಾಡಿದೆ. ನನ್ನ ಧ್ವನಿ ನನಗೇ ಚೆನ್ನಾಗಿ ಕೇಳುತ್ತಿತ್ತು.

"ಅಂದರೆ ಆತನಿಗೆ ಫಿಟ್ಸ್ ಇದೆ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ," ಎಂದರು ಅವರು.

"ಇಲ್ಲ. ಭಿನ್ನಾಭಿಪ್ರಾಯವಿರುವುದು ನ್ಯಾಯದ ಬಗ್ಗೆ."

ಅವರು ಮನವಿಯ ಪ್ರತಿ ಪುಟಕ್ಕೂ ನನ್ನ ಸಹಿ ಹಾಕಿಸಿಕೊಂಡು, ಮೊಹರು ಒತ್ತಿ, ಫೈಲಿಗೆ ಸೇರಿಸಿದರು. ಗೇಟಿನಿಂದ ಹೊರಬರುವಾಗ ನಾನು ಗೆದ್ದಿದ್ದೇನೆಂದು ನನಗೆ ಸಂಶಯವಿರಲಿಲ್ಲ.

ಗಚ್ಚಿಬೌಲಿ

ಆ ಸಂಜೆ ಉಳಿದುಕೊಂಡದ್ದು ಶ್ರುತಿಯ ಮನೆಯಲ್ಲಿ. ಚೈನುಗಳಿಗೆ ದೇಣಿಗೆ ಕೂಡಿಸಿದ್ದವಳು ಅವಳೇ. ನನ್ನ ಹಳೆಯ ವಿದ್ಯಾರ್ಥಿನಿ. ಹದಿನೆಂಟನೆಯ ಮಹಡಿಯ ಬಾಲ್ಕನಿಯಿಂದ ನೋಡಿದರೆ ಕೆಳಗೆ ಕಾರುಗಳ ಕೆಂಪು ದೀಪಗಳ ಸಾಲು ಅಲುಗಾಡದೆ ನಿಂತಿತ್ತು. ಅಷ್ಟು ದೂರದವರೆಗೆ ಒಂದೇ ಒಂದು ಸೈಕಲ್ಲು ಕಾಣಲಿಲ್ಲ. ಬಾಲ್ಕನಿಯಲ್ಲಿ ಮಾತ್ರ ಒಂದಿತ್ತು, ಗೋಡೆಗೆ ನೇತುಹಾಕಿದ್ದು, ಚಕ್ರದಲ್ಲಿ ಧೂಳಿಲ್ಲದ್ದು.

"ಮುಂದಿನ ಭಾನುವಾರ ಇನ್ನೂ ನಲವತ್ತು ಸೈಕಲ್ಲಿಗೆ ಚೈನು ಹಾಕಿಸ್ತಿದೀವಿ ಮೇಡಂ," ಎಂದಳು ಶ್ರುತಿ. "ಎಲ್ಲರೂ ಚೈನು ಹಾಕಿಸಿದ ದಿನದ ನಿಮ್ಮ ಭಾಷಣದ ವಿಡಿಯೋನೇ ನೋಡಿ ಕೊಟ್ಟಿದ್ದು."

ನಾನು ಆ ವಿಡಿಯೋವನ್ನು ಮತ್ತೊಮ್ಮೆ ನೋಡಿದೆ. ನಾಚಿಕೆಯಿಂದಲೇ ಬರೆಯುತ್ತೇನೆ: ಎರಡು ಸಲ ನೋಡಿದೆ.

ಮೇಲ್ಸೇತುವೆಯ ಬುಡ, ಎರಡನೆಯ ದಿನ

ಮರುದಿನ ಮಲ್ಲಮ್ಮ ನನಗೊಂದು ಕೆಲಸ ಹೇಳಿದಳು. "ಈ ಸೈಕಲ್ ಮನಿ ಮುಂದಿದ್ರ ಇವ್ರು ಮತ್ತ ಹತ್ತತಾರ್ರಿ. ಸೇತುವಿ ದಾಟಿದ್ರ ಆಚಿ ಕಡಿ ಉಸ್ತಾದಂದು ಸೈಕಲ್ ಅಂಗಡಿ ಐತಿ. ಅಲ್ಲಿ ಬಿಟ್ಟು ಮಾರಾಕ ಹೇಳ್ರಿ. ನಾ ಹೋದ್ರ ಇವ್ರು ಜಗಳಾ ತಗೀತಾರ. ನಿಮಗ ಏನೂ ಅನ್ನಂಗಿಲ್ಲ."

ಸಾಬಣ್ಣ ಎದ್ದು ಬಂದು, ಸೀಟನ್ನು ಅಂಗೈಯಿಂದ ಒರಸಿ, ಮತ್ತೆ ಹೋಗಿ ಗೋಡೆಗೆ ಒರಗಿದ.

ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದವಳು ನಾನು. ತಳ್ಳಿಕೊಂಡು ಹೋಗುವುದೇಕೆಂದು ಹತ್ತಿದೆ. ಸಮತಟ್ಟಾದ ದಾರಿಯಲ್ಲಿ ಅದು ಎಣ್ಣೆ ಹಾಕಿದ ಹಾಗೆ ಓಡಿತು. ಚೈನು ನಮ್ಮದಲ್ಲವೇ ಎಂದು ಹೆಮ್ಮೆಪಟ್ಟೆ. ರೈಲು ಹಳಿಯನ್ನು ದಾಟುವ ಮೇಲ್ಸೇತುವೆಯ ಏರು ಶುರುವಾಯಿತು. ಹಿಂದೆ ಬಸ್ಸೊಂದು ಹಾರ್ನ್ ಒತ್ತಿತು. ಸೀಟಿನಿಂದ ಎದ್ದು, ಮೈಭಾರವನ್ನೆಲ್ಲ ಬಲಗಾಲಿಗೆ ಹಾಕಿ ತುಳಿದೆ.

ಆಗ ಕಾಲಿನ ಕೆಳಗೆ ಏನೂ ಇರಲಿಲ್ಲ. ಕತ್ತಲಲ್ಲಿ ಮೆಟ್ಟಿಲು ಮುಗಿದದ್ದು ತಿಳಿಯದೆ ಇನ್ನೊಂದು ಹೆಜ್ಜೆ ಇಟ್ಟ ಹಾಗೆ. ಪೆಡಲು ಪಾತಾಳಕ್ಕೆ ಇಳಿಯಿತು, ಎದೆ ಹ್ಯಾಂಡಲ್ಲಿಗೆ ಬಡಿಯಿತು, ಮುಂದಿನ ಕ್ಷಣ ರಸ್ತೆಯ ಬದಿಯ ಜಲ್ಲಿಯ ಮೇಲೆ ಬಿದ್ದಿದ್ದೆ. ಬಸ್ಸು ಪಕ್ಕದಿಂದಲೇ ಹೋಯಿತು. ಎದೆಗೆ ಪೆಟ್ಟು ಬಿದ್ದು ಉಸಿರು ಸಿಕ್ಕಿಕೊಂಡಿತ್ತು. ಬಾಯಿ ತೆರೆದರೂ ಮಾತು ಹೊರಡದೆ ಕೈಕಾಲು ನಡುಗುತ್ತಿದ್ದವು.

ಸೇತುವೆಯ ಬುಡದ ಆಟೋ ನಿಲ್ದಾಣದಿಂದ ಜನ ಓಡಿಬಂದರು. "ಫಿಟ್ಸು, ಫಿಟ್ಸು. ತಾಳಾಲು ಚೇತಿಲೋ ಪೆಟ್ಟಂಡಿ," ಎಂದು ಯಾರೋ ತೆಲುಗಿನಲ್ಲಿ ಹೇಳಿದರು. ಒಬ್ಬ ತನ್ನ ಬೀಗದಕೈ ಗೊಂಚಲನ್ನು ನನ್ನ ಮುಷ್ಟಿಗೆ ತುರುಕಿ, ಬೆರಳುಗಳನ್ನು ಬಲವಾಗಿ ಮಡಚಿ ಹಿಡಿದ. ಇನ್ನೊಬ್ಬ ಮೂಗಿಗೆ ಈರುಳ್ಳಿ ಹಿಡಿದ. ಬಿಡಿಸಿಕೊಳ್ಳಲು ಕೊಸರಾಡಿದೆ; ಕೊಸರಾಡಿದ್ದನ್ನು ಕಂಡು ಇನ್ನಿಬ್ಬರು ಕಾಲು ಹಿಡಿದರು. ನನಗೆ ಫಿಟ್ಸ್ ಇಲ್ಲ ಎಂದು ಹೇಳಬೇಕಿತ್ತು. ಉಸಿರಿಲ್ಲದೆ ಹೇಳುವುದು ಹೇಗೆ? ನನ್ನ ಮೌನವೇ ಅವರ ವಾದಕ್ಕೆ ಸಾಕ್ಷಿಯಾಗಿತ್ತು.

ಕೊನೆಗೆ ಎದ್ದು ಕುಳಿತಾಗ ಬೀಗದಕೈಯ ಒಡೆಯ, ಖಾಕಿ ಅಂಗಿಯ ಆಟೋದವನು, ಸೈಕಲ್ಲನ್ನು ದಿಟ್ಟಿಸುತ್ತ ಹಿಂದಿಯಲ್ಲಿ ಹೇಳಿದ: "ಇದೇ ಸೈಕಲ್ಲಿನ ಮೇಲೆ ಆ ಪ್ರೆಸ್ಸಿನವನೂ ಇಲ್ಲೇ ಬಿದ್ದ. ಅವನಿಗೂ ನನ್ನದೇ ಬೀಗದಕೈ. ಫಿಟ್ಸ್ ಎಂದು ಕಾರ್ಖಾನೆಗೆ ತಿಳಿಸಿದವನೂ ನಾನೇ. ನೀವು ಅವನ ಸಂಬಂಧವಾ?"

ಹೌದು ಎಂದೆ. ಆ ಹೊತ್ತಿಗೆ ಅದು ನಿಜವಾಗಿತ್ತು.

ಉಸ್ತಾದರ ಅಂಗಡಿ

ಖಾಜಾ ಉಸ್ತಾದ್ ಬೀದರಿನಿಂದ ಬಂದವರು, ಅರವತ್ತು ದಾಟಿದವರು. ಕುಂಟುತ್ತ ಸೈಕಲ್ ತಳ್ಳಿಕೊಂಡು ಬಂದ ನನ್ನನ್ನು ನೋಡಿ, "ಬಿದ್ದಿರೇನ್ರಿ? ಕೂಡ್ರಿ. ಮೊದ್ಲ ನೀರ್ ಕುಡೀರಿ. ಸೈಕಲ್ ಎಲ್ಲೂ ಓಡಿ ಹೋಗಲ್ಲ," ಎಂದರು. ಇಷ್ಟರಲ್ಲಿ ಸುದ್ದಿ ಗಲ್ಲಿಗೆ ಮುಟ್ಟಿ, ಸಾಬಣ್ಣನೂ ಮಲ್ಲಮ್ಮನೂ ಓಡಿಬಂದಿದ್ದರು.

ಉಸ್ತಾದರು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಕೈಯಿಂದ ಪೆಡಲು ತಿರುಗಿಸಿದರು. ಚಕ್ರ ಸರಾಗವಾಗಿ ತಿರುಗಿತು.

"ನೋಡ್ರಿ, ಏನೂ ಇಲ್ಲ. ಖಾಲಿ ತಿರುಗ್ಸಿದ್ರ ಎಲ್ಲಾ ಚೈನೂ ಸಾಧುನೇ ಇರ್ತದ."

ಆಮೇಲೆ ಹಿಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಬಿಗಿಯಾಗಿ ಹಿಡಿದು, ಪೆಡಲನ್ನು ಎರಡೂ ಕೈಯಿಂದ ಒತ್ತಿದರು. ಕಟಕ್ ಎಂದಿತು. ಮತ್ತೆ ಒತ್ತಿದರು. ಮತ್ತೆ ಕಟಕ್. ಚೈನು ಹಿಂದಿನ ಹಲ್ಲುಚಕ್ರದ, ಅಂದರೆ ಫ್ರೀವೀಲಿನ, ಮೇಲೆ ಏರಿ, ಹಲ್ಲಿನ ತುದಿ ದಾಟಿ, ಮುಂದಿನ ಸಂದಿಗೆ ಬೀಳುವುದು ನಮ್ಮೆಲ್ಲರ ಕಣ್ಣಿಗೂ ಕಂಡಿತು.

"ಫ್ರೀವೀಲ್ ಒಳಗ ಕುತ್ತಾ ಅಂತ ಇರ್ತಾವ, ಸಣ್ಣ ಕೊಕ್ಕಿ. ಅವು ಕಚ್ಚಲಿಲ್ಲ ಅಂದ್ರೂ ಹಿಂಗೇ ಪೆಡಲ್ ಖಾಲಿ ಹೋಗ್ತದ," ಎಂದರು ಉಸ್ತಾದರು. "ಆದ್ರ ಅವಾಗ ಹಲ್ಲೂ ಚೈನಿನ ಜೋಡಿ ತಿರುಗ್ತಾವ, ಚಕ್ರ ಅಷ್ಟೇ ನಿಲ್ತದ. ಇಲ್ಲಿ ಹಲ್ಲು ನಿಂತಾವ, ಚೈನ್ ಹಾರ್ತದ. ಒಳಗಿನ ಕುತ್ತಾ ನಿಯತ್ತಿನವು. ತಪ್ಪು ಹೊರಗದ."

ಹೆಬ್ಬೆರಳಿನಿಂದ ಚೈನನ್ನು ಮೇಲೆ ಕೆಳಗೆ ಅಲ್ಲಾಡಿಸಿದರು; ಸಡಿಲವಿರಲಿಲ್ಲ. ಕೊನೆಗೆ ಸೀಮೆಎಣ್ಣೆಯ ಬಟ್ಟೆಯಿಂದ ಹಿಂದಿನ ಹಲ್ಲುಗಳನ್ನು ಒರಸಿದರು. ಒಂದೊಂದು ಹಲ್ಲೂ ಒಂದು ಕಡೆ ಸವೆದು, ಹುಂಜದ ಕಾಲಿನ ಮುಳ್ಳಿನಂತೆ ಬಾಗಿತ್ತು. ಹೊಸ ಚೈನಿನ ಉರುಳೆಗಳು ಹಲ್ಲಿನ ಬುಡಕ್ಕೆ ಇಳಿಯದೆ ಅರ್ಧದಲ್ಲೇ ಕುಳಿತಿದ್ದವು.

"ಇದಕ್ ಹೊಸಾ ಚೈನ್ ಯಾರ್ ಹಾಕ್ಯಾರ್ರಿ? ಹಳೀದ್ ಎಲ್ಲದ?"

ಹಳೆಯ ಚೈನುಗಳನ್ನೆಲ್ಲ ಒಂದು ಡ್ರಮ್ಮಿಗೆ ಹಾಕಿಸಿ ಗುಜರಿಗೆ ಕಳಿಸಿದ್ದೆವು. ಡ್ರಮ್ಮಿಗೆ ಹಾಕುವಾಗ ಒಬ್ಬೊಬ್ಬರ ಫೋಟೋ ತೆಗೆದಿದ್ದೆವು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಲ್ಲಮ್ಮ ಮೆಲ್ಲಗೆ, "ನಮ್ಮ ಹತ್ರ ಐತ್ರಿ," ಎಂದಳು. "ಆಯುಧಪೂಜಿಗೆ ಕುಂಕುಮ ಹಚ್ಚಿದ ಕಬ್ಬಿಣ ಒಗೀಬಾರದ್ರಿ. ಅಕ್ಕಾರು ಬಸ್ ಹತ್ತಿದ ಮ್ಯಾಗ ಡ್ರಮ್ಮಿನಾಗಿಂದ ತಗೊಂಡ್ ಬಂದಿದ್ದೆ. ಸಿಟ್ಟಾಗಬ್ಯಾಡ್ರಿ."

ಅವಳು ಹೋಗಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಚೈನನ್ನು ತಂದಳು. ಉಸ್ತಾದರು ಗೋಡೆಗೆ ಎರಡು ಮೊಳೆ ಹೊಡೆದು, ಹೊಸದನ್ನೂ ಹಳೆಯದನ್ನೂ ಪಕ್ಕಪಕ್ಕದಲ್ಲಿ ತೂಗುಬಿಟ್ಟು, ನನ್ನ ಕೈಯಿಂದಲೇ ಕೊಂಡಿಗಳನ್ನು ಎಣಿಸಿಸಿದರು. ಎರಡರಲ್ಲೂ ಅಷ್ಟೇ ಕೊಂಡಿ. ಆದರೆ ಹಳೆಯದು ಒಂದು ಕೊಂಡಿಯಷ್ಟು ಕೆಳಗೆ ಇಳಿದಿತ್ತು.

"ಕಬ್ಬಿಣ ಹಿಗ್ಗಿಲ್ಲ. ಕೊಂಡಿಗ್ ಕೊಂಡಿಗ್ ಪಿನ್ನು ಸವೆದಾವ, ಅದಕ್ಕ ಉದ್ದ ಆಗ್ಯದ. ಚೈನ್ ಉದ್ದ ಆದಂಗ ಹಲ್ಲೂ ಅದಕ್ಕ ತಕ್ಕಂಗ ಸವೆದಾವ. ಎರಡೂ ಕೂಡೇ ಮುದುಕಾಗ್ಯಾವ. ಮುದುಕನ ಮಾತು ಮುದುಕಿಗಷ್ಟೇ ತಿಳೀತದ. ನಡುವ ಹೊಸಾ ಸೊಸಿ ತಂದ್ ಕೂಡ್ಸಿದ್ರ ಹೆಂಗ್ರಿ? ಚೈನ್ ಹಾಕಿದ್ರ ಫ್ರೀವೀಲೂ ಹಾಕಬೇಕು. ಇಲ್ಲಾ ಎರಡೂ ಮುಟ್ಟಬಾರದು."

ಈ ಮಾತನ್ನು ನಾನು ಮೊದಲು ಕೇಳಿದ್ದೆ. ಮೈಸೂರಿನ ನಮ್ಮ ಸಂಘದ ಸಭೆಯಲ್ಲಿ, ಅಗ್ರಹಾರದಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿರುವ ಪುಟ್ಟಸ್ವಾಮಿಯವರು ಎದ್ದು ನಿಂತು ಹೇಳಿದ್ದರು: "ಮೇಡಂ, ಚೈನ್ ಒಂದ್ನೇ ಬದ್ಲಾಯ್ಸುದ್ರೆ ಫ್ರೀವೀಲ್ ಕಚ್ಚಕಿಲ್ಲ. ಎರಡ್ನೂ ಒಟ್ಗೆ ಹಾಕ್ಬೇಕು. ಇರೋ ದುಡ್ನಲ್ಲಿ ಆರು ಸೈಕಲ್‌ಗೇ ಆಗ್ಲಿ, ಸರ್ಯಾಗ್ ಮಾಡನ." ನಾನು ಎದ್ದು ಸಮಾನತೆಯ ಪ್ರಶ್ನೆಯನ್ನು ಎತ್ತಿದೆ. ಹದಿನಾಲ್ವರಲ್ಲಿ ಆರು ಮಂದಿಯನ್ನು ಯಾವ ನ್ಯಾಯದಿಂದ ಆರಿಸುವುದು? ಎಂಟು ಮಂದಿಯ ಮುಖವನ್ನು ಹೇಗೆ ನೋಡುವುದು? ಸಭೆ ಚಪ್ಪಾಳೆ ತಟ್ಟಿತು. ಕೈ ಎತ್ತಿಸಿದಾಗ ಪುಟ್ಟಸ್ವಾಮಿಯವರ ಕೈಯೂ ಮೇಲೆದ್ದಿತ್ತು. ಆ ದಿನ ನಾನು ಗೆದ್ದದ್ದು ಹಲ್ಲುಚಕ್ರದ ವಿಷಯದಲ್ಲಿ ಎಂಬುದನ್ನು ಮರೆತೇಬಿಟ್ಟಿದ್ದೆ.

ಉಸ್ತಾದರು ಹಳೆಯ ಚೈನನ್ನು ಮತ್ತೆ ತೊಡಿಸಿ, ಲುಂಗಿ ಎತ್ತಿಕಟ್ಟಿ, ತಾವೇ ಸೈಕಲ್ ಹತ್ತಿ ಸೇತುವೆಯ ಅರ್ಧ ಏರನ್ನು ಎದ್ದು ನಿಂತು ತುಳಿದು ಬಂದರು. ಒಮ್ಮೆಯೂ ಜಾರಲಿಲ್ಲ. ಇಳಿದವರು ಏದುಸಿರಿನಲ್ಲೇ ಸಾಬಣ್ಣನ ಭುಜ ತಟ್ಟಿದರು.

"ಆದ್ಮಿಗ್ ಏನೂ ಆಗಿಲ್ರಿ. ಸೈಕಲ್‌ಗ್ ಆಗ್ಯದ."

ಆಗ ಮೊದಲ ಬಾರಿಗೆ ನಾನು ಸಾಬಣ್ಣನನ್ನು ಕೇಳಿದೆ: ಬಿದ್ದಾಗ ಏನಾಯಿತು?

"ಎಲ್ಲಾ ನೆನಪೈತ್ರಿ," ಎಂದ ಅವನು. "ಎದ್ದು ತುಳಿದೆ, ಕಾಲಾಗ ಏನೂ ಹತ್ತಲಿಲ್ಲ. ಕಾಲಿನ ಜೀವಾನೇ ಹೋತು ಅನಕೊಂಡೆ. ಸೂಪರ್‌ವೈಸರ್ ಒಂದ್ ಸುತ್ತ ಅಂಗಳದಾಗ ಹೊಡದು, ಸೈಕಲ್ ಬರೋಬರಿ ಐತಿ, ನೀನ ಬರೋಬರಿಲ್ಲ ಅಂದ. ಹಂಗಾರ ನಂದ ತಪ್ಪು ಅಂತ ಗುಳಿಗಿ ತಿಂದೆ."

"ಚೈನಿನ ಮೇಲೆ ಅನುಮಾನ ಬರಲಿಲ್ಲವೇ?"

ಅವನು ಮಲ್ಲಮ್ಮನ ಮುಖ ನೋಡಿದ. ಉತ್ತರ ಕೊಟ್ಟವಳು ಅವಳು. "ಬಂದಿತ್ರಿ. ಒಮ್ಮಿ ನನಗ ಹೇಳಿದ್ರು. ನಾನ ಬಾಯಿ ಮುಚ್ಚಿಸಿದೆ. ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ್ಕ ಹೋಗಿ ಮೊಳಾ ಹಾಕಿದ್ರಂತ, ಹಂಗಾಗಬಾರದು ಅಂದೆ. ನೀವು ಅಷ್ಟು ದೂರದಿಂದ ಬಂದು, ಬಿಸಲಾಗ ನಿಂತು, ಅಷ್ಟು ಚಂದ ಮಾತಾಡಿದ್ರಿ. ಅದಾದ ಮ್ಯಾಗ ಚೈನ್ ಜಾರತೈತಿ ಅಂತ ಹೆಂಗ್ ಹೇಳೂದ್ರಿ?"

ಉಳಿದ ಹದಿಮೂರು ಮಂದಿಯ ವಿಷಯವೂ, ಸುದ್ದಿ ಕೇಳಿ ಬಂದ ಅವರಲ್ಲೇ ಕೆಲವರ ಬಾಯಿಂದ, ಅಲ್ಲೇ ಬಯಲಾಯಿತು. ಎಲ್ಲರ ಚೈನೂ ಜಾರುತ್ತಿತ್ತು. ಅವರೆಲ್ಲ ಏರಿನಲ್ಲಿ ಇಳಿದು ತಳ್ಳುತ್ತಿದ್ದರು. ಒಬ್ಬನ ಮುಂದಿನ ಎರಡು ಹಲ್ಲು ಮುರಿದಿದ್ದವು. ಆತ ಕುಡಿದು ಬಿದ್ದೆನೆಂದು ಹೇಳಿಕೊಂಡಿದ್ದ. ಯಾರೂ ಯಾರಿಗೂ ನಮ್ಮ ದಾನದ ಹೆಸರು ಹೇಳಿರಲಿಲ್ಲ. ಏರಿನಲ್ಲಿ ಇಳಿಯದೆ ತುಳಿದವನು ಸಾಬಣ್ಣನೊಬ್ಬನೇ.

ಪುಟ್ಟಸ್ವಾಮಿಯವರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡು, "ಬುಡಿ ಮೇಡಂ, ನಾನೂ ಇನ್ನೊಂದ್ ಕಿತ ಹೇಳ್ಬೇಕಾಗಿತ್ತು," ಎಂದರು. "ಹದ್ನಾಲ್ಕ್ ಫ್ರೀವೀಲ್ ಇವತ್ತೇ ಬಸ್ಸಿಗೆ ಹಾಕ್ತೀನಿ. ಆ ನಲವತ್ತುನ್ನ ನಿಲ್ಸಿ ಮೊದ್ಲು." ಶ್ರುತಿಗೂ ತಿಳಿಸಿದೆ. ಅವಳು ನಿಲ್ಲಿಸಿದಳು, ವಿಡಿಯೋವನ್ನು ಏನು ಮಾಡುವುದೆಂದು ಕೇಳಿದಳು.

ಕಾರ್ಖಾನೆಯ ಗೇಟು, ಮೂರನೆಯ ದಿನ

ಎರಡು ಚೈನುಗಳನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ಉಸ್ತಾದರನ್ನೂ ಸಾಬಣ್ಣನನ್ನೂ ಕರೆದುಕೊಂಡು ಹೋದೆ. ಸೂಪರ್‌ವೈಸರರ ಮೇಜಿನ ಮೇಲೆ ಅವುಗಳನ್ನು ಜೋಡಿಸಿಟ್ಟೆ. ನನ್ನ ಬದುಕಿನಲ್ಲಿ ಅಷ್ಟು ಸ್ಪಷ್ಟವಾದ ಪ್ರಮಾಣವನ್ನು ಹಿಡಿದು ನಾನು ಎಂದೂ ವಾದಿಸಿರಲಿಲ್ಲ. ದೋಷ ನಮ್ಮ ಸಂಘದ್ದು, ನಿರ್ಧಾರ ನನ್ನದು ಎಂದು ಮೊದಲೇ ಹೇಳಿದೆ. ತಳ್ಳಿಕೊಂಡು ತಂದಿದ್ದ ಸೈಕಲ್ಲಿಗೆ ಉಸ್ತಾದರು ಹೊಸ ಚೈನು ತೊಡಿಸಿ, ಚಕ್ರ ಹಿಡಿದು ತೋರಿಸಿದರು. ಸೂಪರ್‌ವೈಸರರು ಬಗ್ಗಿ ನೋಡಿದರು; ಪೆಡಲನ್ನು ತಾವೇ ಒತ್ತಿ, ಕಟಕ್ ಎಂಬ ಸದ್ದನ್ನು ಎರಡು ಸಲ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ.

ಆಮೇಲೆ ಫೈಲು ತೆರೆದು ನನ್ನ ನಾಲ್ಕು ಪುಟಗಳನ್ನು ನನ್ನ ಕಡೆಗೆ ತಿರುಗಿಸಿದರು.

"ಸೈಕಲ್ಲಿನ ಮಾತು ಒಪ್ಪುತ್ತೇನೆ. ಮೊನ್ನೆ ಇದನ್ನು ಬರೆದವರೂ ನೀವೇ. ಇವನಿಗೆ ಫಿಟ್ಸ್ ಇದೆ ಎಂದು ಪ್ರತಿ ಪುಟದಲ್ಲೂ ಇದೆ, ಪ್ರತಿ ಪುಟಕ್ಕೂ ನಿಮ್ಮ ಸಹಿ ಇದೆ."

"ಅದು ತಪ್ಪು ಎಂದೇ ಹೇಳಲು ಬಂದಿದ್ದೇನೆ. ಬರೆದುಕೊಡುತ್ತೇನೆ."

"ಕೊಡಿ, ಸೇರಿಸುತ್ತೇನೆ. ಆದರೆ ಅಮ್ಮಾ, ನಿಮ್ಮ ಪತ್ರ ಬರುವವರೆಗೆ ಅದು ಗೇಟಿನ ಹತ್ತಿರದ ಮಾತಾಗಿತ್ತು. ಇನ್ನೆರಡು ವಾರದಲ್ಲಿ ನಾನೇ ಇವನನ್ನು ಮಷೀನಿಗೆ ನಿಲ್ಲಿಸಬೇಕೆಂದಿದ್ದೆ. ಒಂಬತ್ತು ವರ್ಷದಲ್ಲಿ ಒಂದು ಅಚ್ಚು ಕೆಡಿಸಿದವನಲ್ಲ. ಈಗ ಅದು ಮಾಲೀಕರ ಕಣ್ಣಿಗೆ ಬಿದ್ದಿದೆ. ನಾಳೆ ಪ್ರೆಸ್ಸಿನಲ್ಲಿ ಇವನ ಕೈ ಹೋದರೆ, ಗೊತ್ತಿದ್ದೂ ನಿಲ್ಲಿಸಿದೆ ಎಂದು ನನ್ನನ್ನು ಕೇಳುತ್ತಾರೆ. ಆಗ ನೀವು ಬಂದು ವಾದಿಸುತ್ತೀರಾ?"

ನಾನು ಉತ್ತರ ಹುಡುಕಿದೆ. ಎರಡು ವಾದಗಳು ನೆನಪಿಗೆ ಬಂದವು, ಎರಡೂ ಚೆನ್ನಾಗಿದ್ದವು. ಎರಡನ್ನೂ ಹೇಳಲಿಲ್ಲ. ಮೇಜಿನ ಆಚೆಗಿನ ಮನುಷ್ಯ ಕೇಳಿದ್ದು ವಾದವನ್ನಲ್ಲ.

"ಇವನು ಗುಳಿಗೆ ತಿನ್ನುತ್ತಿದ್ದಾನಲ್ಲ?" ಎಂದು ಅವರು ಮೆಲ್ಲಗೆ ಕೇಳಿದರು.

"ಹೌದ್ರಿ," ಎಂದ ಸಾಬಣ್ಣ. ನಾವು ಹೋಗುವಾಗಲೇ ಅವನ ಕಣ್ಣುಗಳು ಎಳೆಯುತ್ತಿದ್ದವು.

"ಹಾಗಾದರೆ ಪ್ಯಾಕಿಂಗಿನಲ್ಲಿರಲಿ. ದೊಡ್ಡಾಸ್ಪತ್ರೆಯವರು ರೋಗವಿಲ್ಲ ಎಂದು ಬರೆದುಕೊಡಲಿ, ನೋಡೋಣ."

ಅದೇ ಮಧ್ಯಾಹ್ನ ಸರ್ಕಾರಿ ಆಸ್ಪತ್ರೆಗೆ ಹೋದೆವು. ವೈದ್ಯೆ ನಾನು ಕೇಳಬೇಕಾಗಿದ್ದ ಪ್ರಶ್ನೆಗಳನ್ನೆಲ್ಲ ಸಾಬಣ್ಣನನ್ನೇ ಕೇಳಿದರು: ಬಿದ್ದದ್ದು ನೆನಪಿದೆಯೇ, ನಾಲಿಗೆ ಕಚ್ಚಿತ್ತೇ, ಸೈಕಲ್ ಬಿಟ್ಟು ಬೇರೆಲ್ಲಾದರೂ ಬಿದ್ದದ್ದುಂಟೇ? ಮೂರ್ಛೆಯ ಲಕ್ಷಣ ತಮಗೆ ಕಾಣುವುದಿಲ್ಲ ಎಂದರು. ಆದರೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ, ಇಲ್ಲದ ರೋಗವೇ ಬಂದರೂ ಬರಬಹುದು. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು, ಆಮೇಲೆ ಪರೀಕ್ಷೆ, ಕಾಗದವೇನಿದ್ದರೂ ಅದಾದ ಮೇಲೆ.

ಹೊರಗೆ ಬಂದಾಗ ಸಾಬಣ್ಣ, "ಪ್ರೆಸ್ಸಿಗೆ ಇವತ್ತ ಹೊಸಬ ಬಂದಾನ್ರಿ," ಎಂದ. "ಮೆಟ್ಟು ತುಳಿಯೂ ಮೊದ್ಲು ಕೈ ನೋಡ್ಕೊಳ್ಳಂಗಿಲ್ಲ ಅಂವ. ಹೇಳಬೇಕಿತ್ತು."

ಮೇಲ್ಸೇತುವೆ, ಹೊರಡುವ ದಿನ

ಮೈಸೂರಿನಿಂದ ಫ್ರೀವೀಲುಗಳು ಬಂದವು. ಉಸ್ತಾದರ ಜೊತೆ ಕುಳಿತು ಎರಡು ದಿನ ಹದಿನಾಲ್ಕು ಸೈಕಲ್ಲುಗಳ ಹಿಂದಿನ ಚಕ್ರ ಬಿಚ್ಚಲು ಕೈಜೋಡಿಸಿದೆ. ಈ ಬಾರಿ ಭಾಷಣವಿರಲಿಲ್ಲ. ಉಗುರುಸಂದಿಯ ಗ್ರೀಸು ಹೋಗಲಿಲ್ಲ. ಗಚ್ಚಿಬೌಲಿಯ ಅಪಾರ್ಟ್‌ಮೆಂಟಿನ ಕಾವಲುಗಾರ ನನ್ನನ್ನು ಗೇಟಿನಲ್ಲೇ ತಡೆದು ಹಿಂದಿನ ಬಾಗಿಲು ತೋರಿಸಿದ. ಹೋದೆ.

ಹೊರಡುವ ಬೆಳಗ್ಗೆ ಮಲ್ಲಮ್ಮ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಸಾಬಣ್ಣನ ಉಡುದಾರದ ಬೀಗದಕೈಯನ್ನು ಇನ್ನು ಬಿಚ್ಚಬಹುದಲ್ಲ ಎಂದೆ.

"ಇರ್ಲಿ ಬಿಡ್ರಿ," ಎಂದಳು. "ಡಾಕ್ಟರಮ್ಮಾರು ಹೇಳಿದ್ರಲ್ಲ, ಬಂದ್ರೂ ಬರಬಹುದು ಅಂತ."

ಸಾಬಣ್ಣ ಪ್ಯಾಕಿಂಗ್ ಕೆಲಸಕ್ಕೆ ಹೋಗುವ ದಾರಿಯಲ್ಲೇ ನನ್ನ ಬಸ್ಸಿನ ನಿಲ್ದಾಣವೂ ಇತ್ತು. ಇಬ್ಬರೂ ಸೇತುವೆಯ ಬುಡದವರೆಗೆ ಬಂದೆವು. ಅವನು ನಿಧಾನವಾಗಿ ಸೈಕಲ್ ತುಳಿಯುತ್ತ, ನಾನು ಪಕ್ಕದಲ್ಲಿ ನಡೆಯುತ್ತ. ಆಟೋ ನಿಲ್ದಾಣದಲ್ಲಿ ಖಾಕಿ ಅಂಗಿಯವನು ನಮ್ಮನ್ನು ಕಂಡು, ಯೋಚಿಸದೆಯೇ ಬೀಗದಕೈಯಿದ್ದ ಜೇಬು ಮುಟ್ಟಿಕೊಂಡ. ಏರು ಶುರುವಾಗುವಲ್ಲಿ ಸಾಬಣ್ಣ ಇಳಿದ.

"ಏಕೆ ಇಳಿದಿರಿ? ಜಾರುತ್ತಿದೆಯೇ?"

"ಇಲ್ಲರಿ. ಭಾಳ ಚಲೋ ಐತಿ ಈಗ. ಹೊಸಾ ಸೈಕಲ್ ಇದ್ದಂಗ ಐತಿ."

"ಹಾಗಾದರೆ ಹತ್ತಿ. ನಾನು ನೋಡುತ್ತೇನೆ."

ಅವನು ಏರನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ಆ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ. ಅತಿಥಿಯ ಮನಸ್ಸು ನೋಯಬಾರದೆಂಬ ಅದೇ ಹಳೆಯ ಮರ್ಯಾದೆ ಇತ್ತು.

"ನೀವು ಊರು ಮುಟ್ಟಿದ ಮ್ಯಾಗ ಹತ್ತತೀನ್ರಿ," ಎಂದ.

ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಹೊಸ ಫ್ರೀವೀಲು ಪ್ರತಿ ಹೆಜ್ಜೆಗೂ ಟಿಕ್ ಟಿಕ್ ಎನ್ನುತ್ತ, ಒಂದು ಹಲ್ಲೂ ತಪ್ಪದೆ ಸೇತುವೆ ಏರಿತು. ನಾನು ಕೆಳಗೇ ನಿಂತಿದ್ದೆ.